ಕಾಲರಿನ ಮೇಲೆ ಒಂದು ಹೆಬ್ಬೆರಳು

ಆವತ್ತು ಕಾಲರ್ ಮಿಷನ್ನಿನ ಸುತ್ತ ನಾವು ನಾಲ್ವರಿದ್ದೆವು. ಮಿಷನ್ನಿನ ಮುಂದೆ ಕೂತಿದ್ದವಳು ಅಕ್ಕ. ನನಗೊಬ್ಬಳಿಗೇ ಅಲ್ಲ, ಇಡೀ ಲೈನಿಗೇ ಅಕ್ಕ. ವಯಸ್ಸಿನಲ್ಲಿ ನನ್ನ ತಾಯಿಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಅವಳ ಎಡಕ್ಕೆ ನಮ್ಮ ಲೈನಿನ ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದ. ಬಲಕ್ಕೆ ಫ್ಲೋರ್ ಮ್ಯಾನೇಜರ್, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು. ಅಕ್ಕನ ಬೆನ್ನ ಹಿಂದೆ ನಾನು. ನನ್ನ ಒಂದು ಕೈಯಲ್ಲಿ ಪ್ಯಾಡು, ಇನ್ನೊಂದು ಕೈಯಲ್ಲಿ ವಾಚು.

ದೊಡ್ಡಬಳ್ಳಾಪುರದ ಹೊರವಲಯದಲ್ಲಿರುವ ಆ ಗಾರ್ಮೆಂಟ್ಸಿಗೆ ನಾನು ಸೇರಿದ್ದು ದಾರದ ತುದಿ ಕತ್ತರಿಸುವ ಹೆಲ್ಪರ್ ಆಗಿ. ಈಗ ಅಲ್ಲೇ ಹೊಸಬರಿಗೆ ಕೆಲಸ ಕಲಿಸುವ ಟ್ರೈನಿಂಗ್ ರೂಮು ನನ್ನ ಕೈಯಲ್ಲಿದೆ. ನಡುವೆ ಏನೇನು ಮಾಡಿದೆ ಎಂದರೆ, ಮಾಡದೆ ಬಿಟ್ಟದ್ದನ್ನು ಹೇಳುವುದೇ ಸುಲಭ. ಯಾರಾದರೂ ಹೆರಿಗೆಗೆ ಹೋದರೆ, ಮದುವೆಯಾಗಿ ಊರು ಬಿಟ್ಟರೆ, ಅವರ ಜಾಗದಲ್ಲಿ ಮರುದಿನ ನಾನು ಕೂತಿರುತ್ತಿದ್ದೆ. ಚೆಕ್ಕಿಂಗ್ ಬರುತ್ತಾ ಎಂದರೆ ಬರುತ್ತೆ. ಸ್ಟೋರಿನಲ್ಲಿ ಕಂಪ್ಯೂಟರ್ ನೋಡ್ಕೊತೀಯಾ ಎಂದರೆ ನೋಡ್ಕೊತೀನಿ. ಮೌಸ್ ಹಿಡಿಯಲು ಬರದೆ ಮೊದಲ ವಾರವೆಲ್ಲ ಅದನ್ನು ಮೇಜಿನ ಅಂಚಿನಿಂದ ಕೆಳಕ್ಕೆ ಬೀಳಿಸಿದವಳು ನಾನು. ಆದರೂ ತಿಂಗಳು ಕಳೆಯುವಷ್ಟರಲ್ಲಿ ಕಲಿತುಬಿಡುತ್ತಿದ್ದೆ. ಹೊಸ ಹುಡುಗಿಯರು ಬಂದಾಗ ಕಂಪನಿಯವರು ಈ ಕಥೆಯನ್ನು ನನ್ನಿಂದಲೇ ಹೇಳಿಸುತ್ತಾರೆ. ಒಂದೇ ಕಂಪನಿಯಲ್ಲಿದ್ದು ಹೇಗೆ ಬೆಳೆಯಬಹುದು ನೋಡಿ ಎನ್ನುತ್ತಾರೆ. ನಾನೂ ನಗಿಸುತ್ತಾ ಹೇಳುತ್ತೇನೆ. ಮೌಸಿನ ಕಥೆಗಂತೂ ಚಪ್ಪಾಳೆ ಖಾತ್ರಿ. ಆದರೆ ಕಾಲರ್ ಮಿಷನ್ನಿನ ಹತ್ತಿರ ನಾವು ನಾಲ್ವರು ಸೇರಿದ್ದ ಆ ಮಧ್ಯಾಹ್ನವನ್ನು ಮಾತ್ರ ದಾಟಿಕೊಂಡು ಮುಂದಕ್ಕೆ ಹೋಗುತ್ತೇನೆ.

ನನಗೆ ಮಿಷನ್ ಕಲಿಸಿದ್ದು ಅಕ್ಕ. ಅವಳು ದೇವನಹಳ್ಳಿ ಪಕ್ಕದ ವಿಜಯಪುರದವಳು. ಮದುವೆಯಾದ ಮೇಲೆ ಹದಿನಾರು ವರ್ಷ ಅಲ್ಲೇ ರೇಷ್ಮೆ ನೂಲು ಬಿಚ್ಚುವ ಫಿಲೇಚರಿನಲ್ಲಿದ್ದಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಬಿಳಿಚಿ ಹೋಗಿದ್ದವು. ಆ ಕೆಲಸ ನಿಂತ ಮೇಲೆ ಗಾರ್ಮೆಂಟ್ಸಿಗೆ ಬಂದಳು. ನಾನು ಹೆಲ್ಪರ್ ಆಗಿದ್ದ ಕಾಲದಲ್ಲಿ ಊಟದ ಬೆಲ್ಲಾದರೆ ನನ್ನನ್ನು ಎಳೆದು ತನ್ನ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. "ಕೂತ್ಕೊಳೇ ಮಗಾ, ಜೀವನ ಪೂರ್ತಿ ದಾರ ಕತ್ತರಿಸ್ತೀಯಾ? ಕಾಲ್ನ ಮೆತ್ತಗಿಡು. ಹಸು ಒದ್ದಂಗೆ ಒದೀಬೇಡ" ಎಂದು ಚಿಂದಿ ಬಟ್ಟೆ ಕೊಟ್ಟು ಹೊಲಿಸುತ್ತಿದ್ದಳು. ನಾನು ಹೊಲಿದದ್ದನ್ನು ಬಿಚ್ಚುತ್ತಾ ತನ್ನ ಡಬ್ಬಿಯ ಮುದ್ದೆಯನ್ನು ತಣ್ಣಗೆ ಮಾಡಿಕೊಳ್ಳುತ್ತಿದ್ದಳು.

ಹೊಲಿಗೆಯ ಜೊತೆಗೆ ಅವಳು ನನಗೆ ಇನ್ನೊಂದನ್ನೂ ಕಲಿಸಿದ್ದಳು. ಲೈನಿನಲ್ಲಿ ಆಗಾಗ ಟೈಮ್ ನೋಡುವವರು ಬರುತ್ತಾರೆ. ಬೆನ್ನ ಹಿಂದೆ ನಿಂತು ಹತ್ತು ಪೀಸಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುತ್ತಾರೆ. ಅದರ ಮೇಲೆ ಗಂಟೆಗೆ ಇಷ್ಟು ಎಂದು ಟಾರ್ಗೆಟ್ ಬೀಳುತ್ತದೆ. ಅಕ್ಕನ ಕೆಲಸ ಕಾಲರಿಗೆ ಒಳಹೊಲಿಗೆ ಹಾಕಿ, ತಿರುವಿ, ಮೂಲೆ ಎಬ್ಬಿಸಿ ಮುಂದಕ್ಕೆ ಕೊಡುವುದು. ವಾಚಿನವರು ಬಂದಾಗ ಅವಳು ಮೂಲೆ ಎಬ್ಬಿಸಿದ ಮೇಲೆ ಕಾಲರಿನ ಅಂಚನ್ನು ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಒಂದು ಸಲ ಸವರುತ್ತಿದ್ದಳು. ನೋಡಿದವರಿಗೆ ಎಷ್ಟು ಅಚ್ಚುಕಟ್ಟು ಎನಿಸಬೇಕು. ಆದರೆ ಆ ಸವರುವಿಕೆ ಬೇಕಿಲ್ಲದ್ದು. ಮುಂದಿನ ಮೇಜಿನಲ್ಲಿ ಹೇಗೂ ಇಸ್ತ್ರಿ ಬೀಳುತ್ತದೆ. ವಾಚಿನವರು ಅತ್ತ ಹೋದ ಮೇಲೆ ಅವಳು ಸವರುತ್ತಲೂ ಇರಲಿಲ್ಲ.

"ಅದು ಯಾಕಕ್ಕಾ?" ಎಂದು ಕೇಳಿದ್ದೆ.

"ಅದು ನಂಗೆ ಕಣೇ. ನೀರು ಕುಡಿಯಾಕೆ, ಎದ್ದೋಗಾಕೆ, ಸೊಂಟ ಹಿಡ್ಕೊಂಡ್ರೆ ಒಂದ್ಗಳಿಗೆ ನೆಟ್ಟಗೆ ಕೂರಾಕೆ. ವಾಚಿಗೆ ಇದೆಲ್ಲ ಏನ್ ಗೊತ್ತಾಯ್ತದೆ? ನಾವೇ ಎತ್ತಿಟ್ಕೋಬೇಕು."

ಅವಳಿಗೆ ಶುಗರ್ ಇತ್ತು. ಗಂಟೆಗೊಮ್ಮೆಯಾದರೂ ಏಳಲೇಬೇಕು. ಆ ಹೆಬ್ಬೆರಳಿನಿಂದ ಉಳಿಸಿದ ಹೊತ್ತಿನಲ್ಲಿ ಅವಳು ಎದ್ದು ಹೋಗಿ ಬರುತ್ತಿದ್ದಳು. ಅವಳಿಂದಾಗಿ ಲೈನು ನಿಂತದ್ದಿಲ್ಲ, ಒಂದು ದಿನವೂ ಟಾರ್ಗೆಟ್ ತಪ್ಪಿದ್ದಿಲ್ಲ.

ಟೈಮ್ ನೋಡುತ್ತಿದ್ದ ಇಂಜಿನಿಯರ್ ಹುಡುಗ ಕೆಲಸ ಬಿಟ್ಟಾಗ ಮ್ಯಾನೇಜರ್ ನನ್ನನ್ನು ಕರೆದರು. "ನೀನೇ ಮಾಡಮ್ಮಾ. ಮಿಷನ್ ಮೇಲೆ ಕೂತಿದ್ದವಳು, ಚೆಕ್ಕಿಂಗ್ ಮಾಡಿದವಳು, ನಿಂಗಿಂತ ಇನ್ಯಾರಿಗೆ ಗೊತ್ತಿರುತ್ತೆ?" ಎಂದರು. ನನ್ನ ಬಾಯಿಗೆ ಯಾವಾಗಲೂ ಬರುವ ಮಾತೇ ಬಂತು: "ಆಗ್ಲಿ ಸಾರ್, ಮಾಡ್ತೀನಿ." ಆ ಹುಡುಗ ಬಿಟ್ಟುಹೋಗಿದ್ದ ಹಳೆಯ ಹಾಳೆಗಳನ್ನು ನೋಡಿ ನೋಡಿ ಅದೇ ರೀತಿ ಬರೆಯುವುದನ್ನು ಕಲಿತೆ. ಹಾಳೆಯ ಕೊನೆಯಲ್ಲಿ ಒಂದು ಕಾಲಂ ಇತ್ತು. ತಲೆಬರಹ ಇಂಗ್ಲಿಷಿನಲ್ಲಿ ಎರಡೇ ಅಕ್ಷರ. ಅದರಲ್ಲಿ ಅವನು ಎಲ್ಲ ಕಡೆ ಸೊನ್ನೆ ಹಾಕಿದ್ದ. ನಾನೂ ಸೊನ್ನೆ ಹಾಕಿದೆ. ಅದು ಏನು ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಎಂದು ಅವರಿಗೆ ಗೊತ್ತಾಗುತ್ತದಲ್ಲ!

ನಾನು ವಾಚು ಹಿಡಿದು ಮೊದಲ ಸಲ ಲೈನಿಗೆ ಬಂದ ದಿನ ಎಲ್ಲರೂ ಸೇರಿ ನನ್ನನ್ನು ಗೋಳು ಹುಯ್ದುಕೊಂಡರು. ಕಫ್ ಹೊಲಿಯುವವಳು, "ಗಡಿಯಾರದಮ್ಮ ಬಂದ್ಳು ಕಣ್ರೇ. ಉಸ್ರು ಬಿಗಿ ಹಿಡೀರಿ, ಅದ್ನೂ ಲೆಕ್ಕ ಬರ್ಕೊಂಡಾಳು" ಎಂದಳು. ಅಕ್ಕ ತಿರುಗಿ, "ಸುಮ್ಕಿರ್ರೇ, ನಮ್ಮ ಮಗಾನೇ ಬಂದೈತೆ, ಇನ್ನೇನು ಭಯ" ಎಂದು ನಕ್ಕಳು.

ಹಾಗೆ ಅಂದ ಮೂರನೆಯ ವಾರಕ್ಕೆ ಆ ಮಧ್ಯಾಹ್ನ ಬಂತು. ನಮ್ಮದೇ ಕಂಪನಿಯ ಇನ್ನೊಂದು ಯೂನಿಟ್ಟಿನಲ್ಲಿ ಅದೇ ಕಾಲರ್ ಗಂಟೆಗೆ ಎಪ್ಪತ್ತೈದು ಆಗುತ್ತಿದೆಯಂತೆ, ಇಲ್ಲಿ ಮಾತ್ರ ಯಾಕೆ ಅರವತ್ತು ಎಂದು ಮ್ಯಾನೇಜರ್ ಬಂದು ನಿಂತರು. ಅಕ್ಕ ಹೊಲಿಯುತ್ತಿದ್ದಳು. ಒಳಹೊಲಿಗೆ, ತಿರುವು, ಮೂಲೆ, ಆಮೇಲೆ ಹೆಬ್ಬೆರಳು. ನಾಲ್ಕು ಪೀಸು ಆಗುವವರೆಗೆ ನೋಡಿದ ಮ್ಯಾನೇಜರ್ ಆ ಹೆಬ್ಬೆರಳಿನ ಮೇಲೆ ಕಣ್ಣಿಟ್ಟು ನನ್ನನ್ನು ಕೇಳಿದರು.

"ಏನಮ್ಮಾ, ನೀನು ಹೊಲಿದವಳು. ನೀನ್ ಹೇಳು. ಈ ಸವರೋದು ಬೇಕಾ?"

ನಾನು ಅದನ್ನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಹೆದರಿ ಹೇಳಿದೆನೆ? ಇಲ್ಲ. ಅವರು ಗದರಲೂ ಇಲ್ಲ. ಇಷ್ಟು ದೊಡ್ಡ ಫ್ಲೋರಿನಲ್ಲಿ ನನ್ನನ್ನು ಕೇಳಿದರಲ್ಲ, ಉತ್ತರ ಗೊತ್ತಿರುವವಳು ನಾನೊಬ್ಬಳೇ ಅಲ್ಲವೇ ಎಂಬ ಖುಷಿ. ಅದೇ ನನ್ನ ನಾಲಗೆಯನ್ನು ಆಡಿಸಿತು.

"ಬೇಡ ಸಾರ್. ಮುಂದೆ ಇಸ್ತ್ರಿ ಆಗುತ್ತೆ."

ಅಕ್ಕನ ಹೆಬ್ಬೆರಳು ಕಾಲರಿನ ನಡುವೆ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಆ ಪೀಸನ್ನು ಸವರದೆಯೇ ಮುಂದಕ್ಕೆ ತಳ್ಳಿ, ಮುಂದಿನದನ್ನು ಎತ್ತಿಕೊಂಡಳು. ಉಳಿದ ಆರು ಪೀಸಿಗೆ ನಾನು ವಾಚು ಹಿಡಿದೆ. ಮರುದಿನದಿಂದ ಟಾರ್ಗೆಟ್ ಎಪ್ಪತ್ತೆರಡು. ಹಾಳೆಯ ಕೆಳಗೆ ನನ್ನ ಸಹಿ.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಸಂಬಳ ಕೊಟ್ಟದ್ದು ಕಂಪನಿ, ಕೇಳಿದ್ದಕ್ಕೆ ನಿಜ ಹೇಳಿದೆ, ಅದರಲ್ಲಿ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನ ಸ್ಟೂಲಿನ ಮೇಲೆ ಕೂತು ಕಲಿತ ಊಟದ ಹೊತ್ತುಗಳು ಯಾವ ಮನೆಯ ಊಟ ಎಂದು ಅಜ್ಜಿಯನ್ನು ಕೇಳೋಣವೆಂದರೆ ಅಜ್ಜಿ ಇರಲಿಲ್ಲ.

ಅಕ್ಕ ಎಪ್ಪತ್ತೆರಡನ್ನೂ ಮಾಡಿದಳು. ಹೇಗೆ ಮಾಡುತ್ತಿದ್ದಾಳೆ ಎಂಬುದು ನನಗೆ ವಾರ ಕಳೆದ ಮೇಲೆ ಗೊತ್ತಾಯಿತು. ಅವಳ ನೀರಿನ ಬಾಟಲಿ ಬೆಳಿಗ್ಗೆ ತಂದ ಹಾಗೆಯೇ ಸಂಜೆ ವಾಪಸು ಹೋಗುತ್ತಿತ್ತು. ಎದ್ದು ಹೋಗುವುದನ್ನು ತಪ್ಪಿಸಲು ಕುಡಿಯುವುದನ್ನೇ ಬಿಟ್ಟಿದ್ದಳು.

"ಅಕ್ಕಾ, ಹಿಂಗ್ ಮಾಡಿದ್ರೆ ಮೈಗೆ ಆಗಲ್ಲ" ಎಂದೆ.

"ಆಗ್ದೇ ಏನು? ಒಂಟೆಗೆ ಆಗಲ್ವಾ?" ಎಂದು ನಕ್ಕಳು. ಆಮೇಲೆ ದನಿ ಇಳಿಸಿ, "ನೀನ್ ಸುಮ್ನೆ ಓಡಾಡ್ಬೇಡ ಕಣೇ ನನ್ ಹಿಂದೆ. ನಿನ್ ಕೆಲ್ಸ ನೀನ್ ಮಾಡು. ನೋಡಿದೋರು ಏನಂತಾರೆ" ಎಂದಳು.

ಅಕ್ಕ ಒಂದು ಬೈಗುಳವನ್ನೂ ಬೈಯಲಿಲ್ಲ. ಕಫ್ ಹೊಲಿಯುವವಳು ಬೈದಳು, ಅದೂ ನೇರವಾಗಿ ಅಲ್ಲ. ನಾನು ಹಾದುಹೋಗುವಾಗ ಪಕ್ಕದವಳಿಗೆ, "ಹೆಬ್ಬೆರಳು ಮುಚ್ಕೊಳೇ, ಕಣ್ಣು ಬೀಳ್ತದೆ" ಎಂದಳು. ಯಾರೂ ನಗಲಿಲ್ಲ.

ಎರಡು ತಿಂಗಳಿಗೆ ಅಕ್ಕನಿಗೆ ಮೂತ್ರದ ಉರಿ, ಜ್ವರ. ಎಂಟು ದಿನ ರಜೆ ಹಾಕಿ ಬಂದವಳು ತಾನಾಗಿಯೇ ಸೂಪರ್‌ವೈಸರ್ ಹತ್ತಿರ ಹೋಗಿ, ಮಿಷನ್ ಬೇಡ, ದಾರ ಕತ್ತರಿಸುವ ಕಡೆ ಹಾಕಿ ಎಂದು ಕೇಳಿಕೊಂಡಳು. ನಾನು ಬಿಟ್ಟುಬಂದ ಜಾಗಕ್ಕೆ, ಹೆಲ್ಪರುಗಳ ಸಾಲಿಗೆ ಅವಳು ಹೋಗಿ ನಿಂತಳು. ನಾನು ಮ್ಯಾನೇಜರ್ ಹತ್ತಿರ ಹೋದೆ. "ಸಾರ್, ಕಾಲರಿಗೆ ಇನ್ನೊಂದು ಸಲ ಟೈಮ್ ನೋಡ್ತೀನಿ" ಎಂದೆ. "ಯಾಕಮ್ಮಾ? ನೀನೇ ನೋಡಿದ್ದಲ್ವಾ? ತಪ್ಪಾಗಿ ನೋಡಿದ್ಯಾ?" ಎಂದರು. ತಪ್ಪಾಗಿ ನೋಡಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೊಸ ಕೆಲಸದ ಮೇಲೆ ನನ್ನ ಕಾಲು ಆಗಷ್ಟೇ ಊರುತ್ತಿತ್ತು. "ಇಲ್ಲ ಸಾರ್" ಎಂದು ಹೊರಗೆ ಬಂದೆ. ಅಕ್ಕ ಆರು ವಾರ ನಿಂತುಕೊಂಡೇ ದಾರ ಕತ್ತರಿಸಿದಳು. ಆಮೇಲೆ ಒಂದು ಶನಿವಾರ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋದಳು. ನಾನು ಆವತ್ತು ಸ್ಟೋರಿನಲ್ಲಿದ್ದೆ. ಇದ್ದೆ ಎಂದರೆ, ಹೋಗಿ ಕೂತಿದ್ದೆ.

ಇದಾದ ಎಷ್ಟೋ ದಿನಕ್ಕೆ ಕಂಪನಿಯವರು ನನ್ನನ್ನು ಬೆಂಗಳೂರಿಗೆ ಮೂರು ದಿನದ ತರಬೇತಿಗೆ ಕಳಿಸಿದರು. ಎರಡನೆಯ ದಿನ ಪಾಠ ಮಾಡುತ್ತಿದ್ದ ಹೆಂಗಸು ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದಂಥದ್ದೇ ಹಾಳೆಯನ್ನು ಬಿಡಿಸಿದರು. ಕೊನೆಯ ಕಾಲಂ ತೋರಿಸಿ, ಇಲ್ಲಿ ಕೆಲಸದವರಿಗೆ ನೀರು, ಬಾತ್‌ರೂಮು, ಆಯಾಸ ಎಂದು ಬಿಡುವಿನ ಹೊತ್ತು ಸೇರಿಸಬೇಕು, ಸೇರಿಸದೆ ಹಾಕಿದ ಟಾರ್ಗೆಟ್ ಟಾರ್ಗೆಟ್ಟೇ ಅಲ್ಲ ಎಂದರು. ನನ್ನ ಪಕ್ಕದಲ್ಲಿದ್ದವಳು ಬರೆದುಕೊಂಡಳು. ನಾನು ಪೆನ್ನು ಹಿಡಿದು ಕೂತೇ ಇದ್ದೆ. ಅಕ್ಕ ಹೆಬ್ಬೆರಳಿನಿಂದ ಕದ್ದು ಎತ್ತಿಟ್ಟುಕೊಳ್ಳುತ್ತಿದ್ದದ್ದು ಅವಳಿಗೆ ಹಕ್ಕಾಗಿ ಸಿಗಬೇಕಾದದ್ದಾಗಿತ್ತು. ಅದಕ್ಕೆ ಅಂತಲೇ ಜಾಗ ಬಿಟ್ಟಿದ್ದರು. ಆ ಜಾಗದಲ್ಲಿ ನನ್ನ ಕೈಯಾರೆ ಸೊನ್ನೆ ಬರೆದಿದ್ದೆ.

ವಾಪಸು ಬಂದವಳೇ ಮ್ಯಾನೇಜರ್ ಮುಂದೆ ಹಾಳೆ ಇಟ್ಟು, "ತಪ್ಪು ನಂದು ಸಾರ್, ಈ ಕಾಲಂ ನಂಗೆ ಗೊತ್ತಿರ್ಲಿಲ್ಲ" ಎಂದೆ. ಅವರು ಹಾಳೆ ತಿರುವಿ ನೋಡಿ, "ಗೊತ್ತಿಲ್ದಿದ್ರೆ ಕೇಳ್ಬಾರ್ದಾಗಿತ್ತಾ?" ಎಂದರು. ಅಷ್ಟೇ. ಇಷ್ಟೊಂದು ಸುಲಭವಾಗಿತ್ತು ಅದು. ಲೈನಿನ ಅಷ್ಟೂ ಮಿಷನ್ನುಗಳಿಗೆ ಹೊಸದಾಗಿ ಟೈಮ್ ನೋಡಿದೆ. ಕಾಲರು ಅರವತ್ತನಾಲ್ಕಕ್ಕೆ ಇಳಿಯಿತು. ಅಲ್ಲಿ ಕೂತಿದ್ದವಳು ಅಕ್ಕನಲ್ಲ, ಹೊಸಕೋಟೆ ಕಡೆಯ ಹೊಸ ಹುಡುಗಿ.

ಅಕ್ಕ ದೇವನಹಳ್ಳಿಯ ಹತ್ತಿರ ಯಾವುದೋ ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ವಿಭಾಗ ಸೇರಿದ್ದಾಳೆಂದು ಕೇಳಿದ್ದೆ. ಮುಂದಿನ ಸೋಮವಾರ ರಜೆ ಹಾಕಿ, ಬೆಳಿಗ್ಗೆ ಆರೂವರೆಗೆಲ್ಲ ದೇವನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲಿಂದಲೇ ಹೋಟೆಲಿನ ವ್ಯಾನು ಕೆಲಸದವರನ್ನು ಕರೆದೊಯ್ಯುತ್ತದೆ. ಅಕ್ಕ ಒಂದು ಟೀ ಅಂಗಡಿಯ ಮುಂದೆ ನಿಂತಿದ್ದಳು. ನೀಲಿ ಯೂನಿಫಾರಂ. ಸ್ವಲ್ಪ ಬಡವಾಗಿದ್ದಳು.

"ಏನೇ ಮಗಾ, ಇಲ್ಲೇನ್ ಮಾಡ್ತಿದ್ದೀಯಾ? ನಿನ್ನೂ ಓಡಿಸಿದ್ರಾ?"

ಕಾಲಮಿನ ವಿಷಯ ಹೇಳಿದೆ. ಸೊನ್ನೆಯ ವಿಷಯವನ್ನೂ ಹೇಳಿದೆ. ಅವಳು ನನಗೂ ಒಂದು ಟೀ ಹೇಳಿ, ತನ್ನ ಟೀ ಕುಡಿಯುತ್ತಾ ಕೇಳಿದಳು.

"ಈಗೆಷ್ಟು?"

"ಅರವತ್ನಾಲ್ಕು."

"ಹೂಂ. ಅದು ಆಯ್ತದೆ" ಎಂದಳು. ಲೋಟ ಕೆಳಗಿಟ್ಟು, "ಇಲ್ಲಿ ಬೆಡ್‌ಶೀಟು ಇಸ್ತ್ರಿ ಮಾಡೋ ಮಿಷನ್ ಐತೆ ಕಣೇ, ನಮ್ಮನೆ ಹಜಾರದಷ್ಟುದ್ದ. ಅದ್ನ ಕಲೀತೀಯಾ ಅಂದ್ರು. ಕಲೀತೀನಿ ಅಂದ್ಬಿಟ್ಟಿದ್ದೀನಿ. ಏನಾಯ್ತದೋ ನೋಡಾನ" ಎಂದಳು.

ನಾನು ತಪ್ಪಾಯಿತು ಎಂದೆ. ಅಷ್ಟರಲ್ಲಿ ವ್ಯಾನು ಬಂದು ಹಾರನ್ ಹೊಡೆಯಿತು. ನನ್ನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಅಕ್ಕ ನನ್ನ ಟೀಗೂ ಸೇರಿಸಿ ದುಡ್ಡು ಕೊಟ್ಟು ವ್ಯಾನು ಹತ್ತಿದಳು.