ಒಂದು ಬಾವಿಗೆ ಎರಡು ಹಿತ್ತಲು

ಈ ಮಧ್ಯಾಹ್ನ ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಸೀರೆಯ ಸೆರಗಿನಲ್ಲೆಲ್ಲ ಕಲ್ಲುಪುಡಿಯ ವಾಸನೆ. ನಿನ್ನೆ ನಮ್ಮ ಹಿತ್ತಲಿನಲ್ಲಿ ಬೋರ್ ಲಾರಿ ನಿಂತು ಕೊರೆಯಿತಲ್ಲ, ಅದರ ದೂಳು. ನೀರೇನೋ ಬಂತು ಅನ್ನಿ. ನಮ್ಮ ಮನೆಯವರು ಬೀದಿಗೆಲ್ಲ ಸಿಹಿ ಹಂಚಿದರು. ನನಗೆ ಮಾತ್ರ ಹಳೇ ಬಾವಿಯದೇ ನೆನಪು.

ನಾನು ನರಸೀಪುರದವಳು. ಹೊಳೆಯಲ್ಲಿ ಬಟ್ಟೆ ಜಾಲಿಸಿ ಬೆಳೆದವಳಿಗೆ ನೀರೂ ಮುಗಿಯುತ್ತದೆ ಅನ್ನುವುದೇ ತಿಳಿದಿರಲಿಲ್ಲ. ಮದುವೆಯಾಗಿ ಕವಲಂದೆಗೆ ಬರುವ ಹೊತ್ತಿಗೆ ನಮ್ಮ ಮನೆಯವರಿಗೂ ಅವರ ಅಣ್ಣನಿಗೂ ಪಾಲಾಗಿತ್ತು. ಮನೆ ಎರಡಾಯಿತು, ಹಿತ್ತಲು ಎರಡಾಯಿತು. ಬಾವಿಯನ್ನು ಹೇಗೆ ಸೀಳುತ್ತೀರಿ? ಅದರ ಬಾಯಿಯ ಮೇಲೆಯೇ ಅಡ್ಡಗೋಡೆ ಎಬ್ಬಿಸಿದ್ದರು. ಅರ್ಧ ಬಾಯಿ ನಮಗೆ, ಅರ್ಧ ಆಚೆಮನೆಯ ಓರಗಿತ್ತಿಗೆ. ಒಳಗಿನ ನೀರು ಒಂದೇ.

ಒಂದು ಬೇಸಿಗೆ ನಾನು ಕೊಡದ ಮೇಲೆ ಕೊಡ ಸೇದುತ್ತಿದ್ದೆ. ಬಾವಿಯೊಳಗಿಂದ ಓರಗಿತ್ತಿಯ ದನಿ ಎದ್ದುಬಂತು:

"ಏನಮ್ಮಿ, ಆನೆಗೇನಾರ ಮೈ ತೊಳೀತಿದ್ದೀಯಾ?"

"ಕಂಬಳಿ ಒಗೀತಿದ್ದೀನಿ ಅಕ್ಕ."

"ನಿಮ್ಮೂರ ಒಳೆ ಅಲ್ಲ ಕಣವ್ವ ಇದು. ವಸಿ ತಡಿ, ಜಲ ಊರ್ಲಿ. ಆಮೇಕೆ ನೀನೇ ಮೊದ್ಲು ಸೇದ್ಕೊ."

ಅಷ್ಟೇ ನಮ್ಮ ಕಾನೂನು. ತಳದ ಬಂಡೆ ಕಂಡರೆ ಎರಡೂ ಕಡೆ ಹಗ್ಗ ಮೇಲೆ. ಬಗ್ಗಿ ನೋಡಿದರೆ ಇಬ್ಬರಿಗೂ ಕಾಣುತ್ತಿತ್ತು, ಯಾರೂ ಸುಳ್ಳು ಹೇಳುವಂತಿರಲಿಲ್ಲ. ಗಂಡಸರು ಮಾತು ಬಿಟ್ಟಿದ್ದ ವರ್ಷಗಳಲ್ಲೂ ನಾವಿಬ್ಬರು ಬಾವಿಯೊಳಗೆ ಮಾತಾಡಿಕೊಂಡೇ ಇದ್ದೆವು.

ಆಮೇಲೆ ಬೋರು ಬಂತು, ಬಾವಿ ಕಸದ ಗುಂಡಿಯಾಯಿತು. ಮೊದಲು ಕೊರೆಸಿದವರು ನಾವೇ. ಅವರು ನಮಗಿಂತ ಆಳಕ್ಕೆ ಹೋದರು, ನಮ್ಮದು ಬತ್ತಿತು. ನಿನ್ನೆ ನಾವು ಅವರಿಗಿಂತ ಆಳಕ್ಕೆ ಹೋದೆವು. ಕೆಳಗೆ ಎಷ್ಟು ಉಳಿದಿದೆಯೋ, ಈಗ ಯಾರು ಬಗ್ಗಿ ನೋಡಿದರೂ ಕಾಣದು.

ಹೀಗೆ ಯೋಚಿಸುತ್ತಾ ಮಡಿಸುವಾಗಲೇ ಗೋಡೆಯಾಚೆ ಅಕ್ಕನ ನಲ್ಲಿ ಗೊರಗೊರ ಅಂದು ಬರೀ ಗಾಳಿ ಉಗುಳಿತು. ಮಡಿಸುತ್ತಿದ್ದ ಸೀರೆ ಅಲ್ಲೇ ಬಿಟ್ಟು ಎದ್ದೆ. ನಮ್ಮ ಮೋಟರು ಹಾಕಿ, ಪೈಪು ಹಿಡಿದು ಸ್ಟೂಲು ಹತ್ತಿದೆ. ಆಕೆ ಖಾಲಿ ತೊಟ್ಟಿಯ ಪಕ್ಕ ನಿಂತಿದ್ದಳು.

"ಅಕ್ಕಾ, ಪೈಪ್ ಇಳಿಬುಡ್ತೀನಿ. ತುಂಬ್ಕೊಳಿ."

ಆಕೆ ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಇದ್ದಿದ್ದರೆ ವಾಸಿಯಿತ್ತು.

"ಬ್ಯಾಡ ಬುಡಮ್ಮಿ. ನಿಮ್ಮ ಭಾವ ಬೋರ್ ಲಾರಿಯೋರ್ಗೆ ಫೋನ್ ಮಾಡವ್ರೆ. ನಾಳಿಕೆ ಬತ್ತದಂತೆ."

ಕೊರೆಸಬೇಡಿ ಎನ್ನಲು ನನಗೆ ಯಾವ ಬಾಯಿ? ಪೈಪನ್ನು ಅವರ ತೊಟ್ಟಿಗೇ ಬಿಟ್ಟೆ. ಆಕೆ ತೆಗೆದೆಸೆಯಲಿಲ್ಲ. ತುಂಬುವವರೆಗೂ ಇಬ್ಬರೂ ನೀರನ್ನೇ ನೋಡುತ್ತಾ ನಿಂತಿದ್ದೆವು.