ಗಂಡಂದಿರ ಬೆಂಚು

ಮನಸ್ಸಿನ ಡಾಕ್ಟರುಗಳಿಗೆ ಗಂಡಸರು ಅರ್ಥವಾಗುತ್ತಾರೋ ಇಲ್ಲವೋ ಎಂದು ಟೀವಿಯಲ್ಲಿ ಯಾರಾದರೂ ಚರ್ಚೆಗೆ ಕೂತರೆ ನಾನು ಚಾನೆಲ್ ಬದಲಿಸುತ್ತೇನೆ. ನನಗೆ ಗೊತ್ತಿರುವುದು ಒಬ್ಬ ಮೇಡಂ, ಅವರ ಕೋಣೆ, ಆ ಕೋಣೆಯ ಹೊರಗಿದ್ದ ಒಂದು ಬೆಂಚು. ಅಷ್ಟರ ಬಗ್ಗೆ ಮಾತ್ರ ಮಾತಾಡಬಲ್ಲೆ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದೆ. ಬಾಗಲಕೋಟೆ ಕಡೆಯಿಂದ ಬಂದ ನಾವು ಗಂಡ ಹೆಂಡತಿ ಟಿ. ದಾಸರಹಳ್ಳಿಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮೊದಲ ಮಗು ಎಂಟು ತಿಂಗಳಿಗೇ ಹುಟ್ಟಿತು. ಉಸಿರಿರಲಿಲ್ಲ. ಹೆಣ್ಣು ಮಗು.

ಸತ್ತು ಹುಟ್ಟಿದ ಕೂಸಿನ ಮುಖವನ್ನು ತಾಯಿಗೆ ತೋರಿಸಬಾರದು ಎನ್ನುವುದು ನಮ್ಮ ಮನೆಯ ಹಿರಿಯರ ಮಾತು. ತೋರಿಸಿದರೆ ಅದು ಅವಳ ಕಣ್ಣಿಗೆ ಕಟ್ಟಿಬಿಡುತ್ತದಂತೆ. ಊರಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ಚಾಚೂ ತಪ್ಪದೆ ನಡೆಸಿದರು. ಕೂಸನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ತಡಾ ಮಾಡಬ್ಯಾಡ್ರಿ, ಬಿಸಿಲ ಏರೂದ್ರಾಗ ಮುಗಿಸಿ ಬರ್ರಿ" ಅಂದರು. ತಾಯಿ ನೋಡಬಾರದಂತೆ, ತಂದೆ ನೋಡಬಹುದಂತೆ. ತಂದೆಗೆ ಕಣ್ಣಿಲ್ಲವೇನೋ! ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಡ್ರೈವರ್ ಒಂದು ಸಲ ಕನ್ನಡಿಯಲ್ಲಿ ನೋಡಿ ರೇಡಿಯೋ ಆರಿಸಿದ. ಸ್ಮಶಾನದಲ್ಲಿ ಕುಣಿ ತೋಡುವವನು ಗುದ್ದಲಿ ಹಾಕುತ್ತಿದ್ದಾಗ ನಾನು ಬಟ್ಟೆ ಸರಿಸಿ ಮುಖ ನೋಡಿದೆ. ಚೆನ್ನಾಗಿ ನೋಡಿದೆ. ಮರುದಿನ ಸೆಕೆಂಡ್ ಶಿಫ್ಟಿಗೆ ಹೋದೆ. ಗಂಡಸಿಗೆ ಹೆರಿಗೆ ರಜೆ ಎಲ್ಲಿ, ಅದೂ ಇಂಥ ಹೆರಿಗೆಗೆ.

ಹೆಂಡತಿ ಮಾತು ಬಿಟ್ಟಳು. ಊಟ ಬಿಟ್ಟಳು. ಹೆರಿಗೆ ಮಾಡಿಸಿದ ಡಾಕ್ಟರು ಅದೇ ಆಸ್ಪತ್ರೆಯ ಕೌನ್ಸೆಲಿಂಗ್ ಮೇಡಂ ಹತ್ತಿರ ಕಳಿಸಿದರು. ಒಳ್ಳೆಯವರೇ, ಸುಳ್ಳು ಹೇಳಬಾರದು. ಅವಳ ಕೈ ಹಿಡಿದು ಒಳಗೆ ಕರೆದುಕೊಳ್ಳುವರು. ನನಗೆ ಮಾತ್ರ, "ನೀವು ಸ್ವಲ್ಪ ಹೊರಗೆ ಕೂತಿರಿ ಸಾರ್." ಹೊರಗಿನ ಬೆಂಚಿನ ತುಂಬ ನನ್ನಂಥ ಗಂಡಂದಿರೇ. ತೊಡೆಯ ಮೇಲೆ ಹೆಂಡತಿಯ ವ್ಯಾನಿಟಿ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ. ಮೆಟ್ರೋ ಕಂಬ ಎಲ್ಲಿಗೆ ಬಂತು, ಜಾಲಹಳ್ಳಿ ಕ್ರಾಸಿನಲ್ಲಿ ಜಾಮ್ ಹೇಗಿತ್ತು, ಇಷ್ಟೇ ಮಾತು. ಯಾಕೆ ಬಂದಿದ್ದೀಯಪ್ಪ ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ್ದನ್ನು ನಾನು ಕಾಣೆ. ಅಷ್ಟು ಜನರ ನಡುವೆ ಕೂತು ಅಷ್ಟು ಒಂಟಿಯಾಗಿ ನಾನು ಬೇರೆಲ್ಲೂ ಇದ್ದಿಲ್ಲ.

ಅಷ್ಟರಲ್ಲಿ ನನಗೂ ಶುರುವಾಯಿತು. ಮಷೀನಿನ ಮುಂದೆ ನಿಂತರೆ ಎದೆ ಬಿಗಿಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಪೀಣ್ಯದಲ್ಲಿ ಇದಕ್ಕೆ ಒಂದೇ ಹೆಸರು. ಗೇಟಿನ ಹತ್ತಿರದ ಟೀ ಅಂಗಡಿಯವನು "ಗ್ಯಾಸ್ ಕಣ್ ಗುರು, ಹೊಟ್ಟೆ ಖಾಲಿ ಬಿಡ್ಬೇಡ" ಅಂದು ಸೋಡಾ ಒಡೆದು ಕೊಟ್ಟ. ಪಕ್ಕದ ಮಷೀನಿನವನು "ನಂಗೂ ಹಿಂಗೇ ಆಗಿತ್ತು ಮಗಾ, ಜೀರಿಗೆ ನೀರು ಕುಡಿ, ಹೋಗ್ತದೆ" ಅಂದ. ಅವನಿಗೆ ಆಗ ಏನಾಗಿತ್ತೋ ಅವನಿಗೇ ಗೊತ್ತು. ಕೆಲಸ ಹೋದವನಿಗೂ ಗ್ಯಾಸು, ಹೆಂಡತಿ ತವರಿಗೆ ಹೋಗಿ ಕೂತವನಿಗೂ ಗ್ಯಾಸು. ಆ ಏರಿಯಾದ ಗಂಡಸರೆಲ್ಲ ಸೋಡಾ ಕುಡಿದು ತೇಗಿ ಮತ್ತೆ ಶಿಫ್ಟಿಗೆ ಹೋಗುತ್ತಿದ್ದರು. ನಾನೂ ತೇಗಿದೆ. ಎದೆ ಸಡಿಲವಾಗಲಿಲ್ಲ.

ಒಂದು ದಿನ ಅರ್ಧ ಶಿಫ್ಟ್ ಬಿಟ್ಟು ಒಬ್ಬನೇ ಮೇಡಂ ಹತ್ತಿರ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

"ಮಿಸೆಸ್ ಹೇಗಿದ್ದಾರೆ ಸಾರ್?"

"ಪರವಾಗಿಲ್ರಿ ಮೇಡಂ."

"ನೀವು ಡ್ರಿಂಕ್ಸ್ ತಗೋತೀರಾ?"

"ಇಲ್ರಿ."

"ನಮ್ಮ ಹತ್ರ ಮುಚ್ಚಿಡಬೇಡಿ. ಆಗೊಮ್ಮೆ ಈಗೊಮ್ಮೆ? ಕೋಪ ಬಂದಾಗ ಮಿಸೆಸ್ ಮೇಲೆ ಕೈ ಎತ್ತೋದು, ಅಂಥದ್ದೇನಾದ್ರೂ?"

ಮೈಯೆಲ್ಲ ಉರಿದುಹೋಯಿತು. ಅವರ ಮುಂದೆ ದಿನಬೆಳಗಾದರೆ ಗಂಡನ ಏಟಿಗೆ ಮುಖ ಊದಿದ ಹೆಂಗಸರು ಬಂದು ಕೂರುತ್ತಿದ್ದರು, ಕೇಳಿದ್ದರಲ್ಲಿ ತಪ್ಪಿಲ್ಲ ಎಂದು ಈಗ ತಿಳಿಯುತ್ತದೆ. ಆದರೆ ಎರಡಕ್ಕೂ ಇಲ್ಲವೆಂದ ಗಂಡಸಿನ ಹತ್ತಿರ ಮುಂದೆ ಏನು ಕೇಳಬೇಕೆಂದು ಅವರಿಗೂ ತೋಚಲಿಲ್ಲ. "ಮತ್ತೆ ಏನು ಪ್ರಾಬ್ಲಮ್?" ಅಂದರು. ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಪೀಣ್ಯದ ಮಾತೇ.

"ಗ್ಯಾಸ್ ರೀ ಮೇಡಂ."

ಅವರು ನಕ್ಕರು. ಅದಕ್ಕೆ ಕೆಳಗಡೆ ಜನರಲ್ ಡಾಕ್ಟರು ಇದ್ದಾರೆ ಅಂದರು. "ನೀವು ಗಟ್ಟಿಯಾಗಿದ್ರೆ ಅವರೂ ಗಟ್ಟಿಯಾಗ್ತಾರೆ ಸಾರ್" ಎಂದು ಎದ್ದು ನಿಂತು ಕಳಿಸಿಕೊಟ್ಟರು. ನಾನು ಗಟ್ಟಿಯಾಗಿ ಮೆಟ್ಟಿಲಿಳಿದು ಬಂದೆ.

ಹೆಂಡತಿ ಮೆಲ್ಲಗೆ ಚೇತರಿಸಿಕೊಂಡಳು. ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆಯೇ ಅಂದಳು: "ಒಂದ ದಿನಾನೂ ನಿಮ್ಮ ಕಣ್ಣಾಗ ನೀರ ಬರಲಿಲ್ಲ. ಮೇಡಂ ಮುಂದ ಹೇಳಿದೆ. ಗಂಡಸರು ಲಗೂನ ಮರೀತಾರ, ನೀ ಮನಸಿಗೆ ಹಚ್ಚಿಕೋಬ್ಯಾಡ ಅಂದ್ರು."

"ಏನ ಮರೀಲಿ?" ನನ್ನ ದನಿ ಓಣಿಗೆಲ್ಲ ಕೇಳುವಷ್ಟು ಏರಿತು. "ಆಕೀ ಮುಖಾ ನೋಡಿದಾಂವ ನಾನು!"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ನೋಡಿದ್ರೇನ್ರಿ?"

"ನೋಡೀನಿ."

"ನನಗ ಹೇಳಲಿಲ್ಲ," ಅಂದಳು. "ಇಷ್ಟ ದಿನಾ ನೀವೊಬ್ಬರ ಇಟಗೊಂಡ್ರಿ."

ಇಷ್ಟು ದಿನ ನಾನೊಬ್ಬನೇ ಹೊತ್ತಿದ್ದೇನೆ ಎಂದು ಒಳಗೊಳಗೇ ಕುದಿದವನು ನಾನು. ಅವಳ ಪಾಲೂ ನನ್ನಲ್ಲೇ ಉಳಿದಿತ್ತೆಂದು ಹೊಳೆದೇ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ತೆಗೆಯಲಿಲ್ಲ.

"ಯಾರ ಹಂಗ ಇದ್ಲ್ರಿ?" ಅಂದಳು.

"ಮೂಗು ಥೇಟ್ ನಿಂದ," ಅಂದೆ. ಅಷ್ಟಕ್ಕೇ ನನಗೆ ಅಳು ನುಗ್ಗಿ ಬಂತು.

ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ತನ್ನ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.