ವಾಸಿಯಾದ ಮೇಲೆ ನೂರಕ್ಕ

ಗುಬ್ಬಿಯ ಪೇಟೆಬೀದಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ನೂರಕ್ಕ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂರಿಸಿಕೊಂಡು, ನಮ್ಮ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಹೆಬ್ಬೆರಳ ಬುಡವನ್ನು ಹಿಟ್ಟು ನಾದಿದ ಹಾಗೆ ಒತ್ತುವಳು. "ಕೈ ನಂಗ್ ಬುಡು. ನೀನು ಅತ್ತೆ ಮನೆ ಸುದ್ದಿ ಹೇಳು" ಅನ್ನುವಳು. ಸುದ್ದಿ ಮುಗಿಯುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ನನ್ನ ಮದುವೆಗೂ ಸೀಮಂತಕ್ಕೂ ಬಳೆ ತೊಡಿಸಿದವಳು ಅವಳೇ. ಅವಳ ಮನೆ, ನಮ್ಮ ಮನೆ ಒಂದೇ ಗೋಡೆಗೆ ಅಂಟಿಕೊಂಡಿದ್ದರಿಂದ ಅವಳು ನಕ್ಕರೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡಳು. ಗಂಡ ರಹಮತ್ ಸಾಬರಿಗೂ ಹೇಳದೆ ನಾಟಿ ಔಷಧಿ ಕುಡಿದು ಬಹಳ ದಿನ ತಳ್ಳಿದಳು. ನಿಲ್ಲಲಾರದಷ್ಟು ನಿಶ್ಶಕ್ತಿಯಾದ ಮೇಲೆ ತುಮಕೂರಿಗೆ ಹೋದರು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಗುದನಾಳದ ಕ್ಯಾನ್ಸರ್. ರೇಡಿಯೇಷನ್ ಕರೆಂಟು ಕೊಟ್ಟರು, ಕೀಮೋ ಕೊಟ್ಟರು, ಆಪರೇಷನ್ ಮಾಡಿ ಗುದದ್ವಾರವನ್ನೇ ಹೊಲಿದು ಮುಚ್ಚಿದರು. ಹೊಟ್ಟೆಯ ಎಡಗಡೆ ಕರುಳಿನ ತುದಿಯನ್ನು ಹೊರಗೆ ತಂದು ಅದಕ್ಕೊಂದು ಚೀಲ ಅಂಟಿಸಿದರು. ಇನ್ನು ಬದುಕಿರುವವರೆಗೆ ಮಲ ಬರುವುದು ಅಲ್ಲಿಂದ, ಅವಳ ಹಿಡಿತಕ್ಕೆ ಸಿಗದೆ.

ವಾಸಿಯಾಗಿದೆ ಅಂದರು ಡಾಕ್ಟರು. ಬೀದಿಯವರೆಲ್ಲ ಬಂದು ಗಂಡಾಂತರ ಕಳೆಯಿತು ಅಂದರು. ನೂರಕ್ಕ ಮತ್ತೆ ಅಂಗಡಿ ತೆರೆದಳು. ಆದರೆ ಚಾಪೆ ಇರಲಿಲ್ಲ. ಗಾಜಿನ ಕೌಂಟರ್ ಮಾಡಿಸಿ ಅದರಾಚೆ ನಿಂತು ಬಳೆಯನ್ನು ಡಬ್ಬಿಗೆ ಹಾಕಿ ಕೊಡುತ್ತಿದ್ದಳು, ತೊಡಿಸುತ್ತಿರಲಿಲ್ಲ. ಕೀಮೋದಿಂದ ಬೆರಳು ಜೋಮು ಹಿಡಿದಿದೆ ಅಂತ ಎಲ್ಲರಿಗೂ ಹೇಳುವಳು. ಅದು ನಿಜವೇ. ಇನ್ನೊಂದು ಕಾರಣವನ್ನು ನನಗೆ ಮಾತ್ರ ಹೇಳಿದಳು.

"ಹತ್ರ ಕೂತ್ರೆ ಹೊಟ್ಟೆ ಯಾವಾಗ ಸದ್ದು ಮಾಡ್ತದೋ ಗೊತ್ತಿಲ್ಲ ಕಣೇ ಗೀತಾ. ವಾಸ್ನೆ ಬತ್ತೈತೇನೋ ಅಂತ ನಾನೇ ಮೂಸಿ ಮೂಸಿ ನೋಡ್ಕೊತೀನಿ. ಎದುರಿಗಿರೋರು ಮೂಗು ಒರ್ಸ್ಕೊಂಡ್ರೂ ಎದೆ ಝಲ್ ಅಂತದೆ."

ಕುಣಿಗಲ್‌ನಲ್ಲಿ ಅವಳ ತಮ್ಮನ ಮಗಳ ಮದುವೆಗೆ ನನ್ನನ್ನೂ ಕರೆದುಕೊಂಡು ಹೋದಳು. ಚೀಲ ತುಂಬದಿರಲಿ ಅಂತ ಹಿಂದಿನ ದಿನದಿಂದಲೇ ಊಟ ಬಿಟ್ಟಿದ್ದಳು. ಛತ್ರದೊಳಗೆ ಕಾಲಿಟ್ಟ ಕೂಡಲೇ ಮದುಮಗಳು ಓಡಿಬಂದು ಅತ್ತೆಯನ್ನು ಬಿಗಿಯಾಗಿ ತಬ್ಬಿಕೊಂಡಳು. ಚೀಲದ ಅಂಟು ಬಿಟ್ಟಿತು. ನೂರಕ್ಕನ ಮುಖ ಬಿಳಿಚಿಕೊಂಡಿದ್ದು ನನಗೆ ಕಂಡಿತು. ಅವಳು ಹುಡುಗಿಯನ್ನು ತಳ್ಳಲಿಲ್ಲ. ಹಣೆಗೆ ಮುತ್ತಿಟ್ಟು, ಬುರ್ಖಾವನ್ನು ಹೊಟ್ಟೆಗೆ ಒತ್ತಿಹಿಡಿದು, ಸಮಾಧಾನವಾಗಿ ನಡೆಯುವವಳ ಹಾಗೆ ಬಚ್ಚಲ ಕಡೆ ಹೋದಳು. ನಾನು ಬಕೆಟ್ ಬಕೆಟ್ ನೀರು ತಂದುಕೊಟ್ಟೆ. ಒಳಗೆ ಅಳು ಕೇಳಿಸಲಿಲ್ಲ, ನೀರಿನ ಸದ್ದು ಮಾತ್ರ. "ಯಾರಾದ್ರೂ ಕೇಳಿದ್ರೆ ತಲೆ ಸುತ್ತು ಬಂತು ಅನ್ನು" ಅಂದಳು.

ಊಟಕ್ಕೆ ಕೂರುವ ಮೊದಲೇ ನಾವು ಬಸ್ ಹತ್ತಿದೆವು. ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಡಾಕ್ಟ್ರು ರಿಪೋರ್ಟ್ ನೋಡಿ ಚೆನ್ನಾಗಿದೆ ಅಂತಾರೆ. ಸುಳ್ಳಲ್ಲ, ಜೀವ ಉಳ್ಸವ್ರೆ. ಹೆಂಗ್ ಬದುಕ್ತಾ ಇದೀಯಮ್ಮ ಅಂತ ಮಾತ್ರ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ ಬುಡು."

ಮತ್ತೆ, "ನಮ್ಮೆಜಮಾನ್ರು ಒಳ್ಳೇರು. ನಂಗೇನೂ ಬೇಜಾರಿಲ್ಲ ಕಣೇ ಅಂತಾರೆ. ನಾನೇ ಹೊರಗೆ ನಡುಮನೇಲಿ ಮಲಕ್ಕೊತೀನಿ" ಅಂದಳು.

ಆಮೇಲೆ ಅವಳು ಯಾರ ಮನೆಯ ಶುಭಕಾರ್ಯಕ್ಕೂ ಹೋಗಲಿಲ್ಲ. ನಮಾಜಿಗೆ ನಿಂತರೆ ನಡುವೆ ಚೀಲ ಉಬ್ಬುವುದು. ಮೈ ಶುದ್ಧ ಇದೆಯೋ ಇಲ್ಲವೋ ಅನ್ನುವ ಅನುಮಾನದಲ್ಲಿ ಮತ್ತೆ ಮತ್ತೆ ಕೈಕಾಲು ತೊಳೆಯುವಳು. ಕಾಯಿಲೆಗೆ ವಿನಾಯಿತಿ ಇದೆ ಅಂತ ರಹಮತ್ ಸಾಬರು ತಿಳಿದವರನ್ನು ಕೇಳಿಕೊಂಡು ಬಂದು ಹೇಳಿದರು. ಅವಳು ತಲೆಯಾಡಿಸಿದಳು, ತೊಳೆಯುವುದನ್ನು ನಿಲ್ಲಿಸಲಿಲ್ಲ.

ಕ್ಯಾನ್ಸರ್ ಮತ್ತೆ ಬಂತು, ಈ ಸಲ ಲಿವರ್‌ಗೆ. ಇನ್ನೊಂದು ಸುತ್ತು ಕೀಮೋ ಬೇಡ ಅಂದಳು. ಒಂದು ಮಧ್ಯಾಹ್ನ ನನ್ನನ್ನು ಕರೆಸಿದಳು. ಕಣ್ಣು ಹಳದಿಯಾಗಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು.

"ನಾನ್ ಹೋದ್ಮೇಲೆ ಮೈ ತೊಳಿಯಕ್ಕೆ ಅಂತ ಬೀದಿ ಹೆಂಗಸ್ರೆಲ್ಲ ನುಗ್ತಾರೆ. ಸಾಯಕ್ಕೆ ಭಯ ಇಲ್ಲ ಗೀತಾ, ಅದಕ್ಕೆ ಭಯ. ಮೈ ತೊಳ್ಸೋ ಜುಬೇದಾ ಖಾಲಾ, ಜೊತೆಗೆ ನನ್ ನಾದಿನಿ, ಇಬ್ರೇ ಸಾಕು. ನೀನು ಬಾಗ್ಲಲ್ಲಿ ನಿಂತ್ಕೊ. ಯಾರ್ನೂ ಬುಡ್ಬೇಡ."

ಹಾಗೆಲ್ಲ ಮಾತಾಡಬೇಡ ಅನ್ನಲು ಬಾಯಿಗೆ ಬಂತು. ಅನ್ನಲಿಲ್ಲ. "ಆಗ್ಲಿ ಅಕ್ಕ" ಅಂದೆ. ಅದೇ ನಮ್ಮ ಕೊನೆಯ ಮಾತು.

ಅವಳು ತೀರಿಕೊಂಡ ಬೆಳಿಗ್ಗೆ, ಒಳಗೆ ನೀರು ಹುಯ್ಯುವ ಸದ್ದು ಶುರುವಾದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳ ಕಡೆಯ ಹೆಂಗಸರು ಒಟ್ಟಾಗಿ ಬಂದರು. "ನೀವ್ಯಾರಮ್ಮ ತಡಿಯಕ್ಕೆ? ಅವ್ಳು ನಮ್ಮೋಳು" ಅಂದಳು ಒಬ್ಬಳು. ಅವಳೇ ಹೇಳಿದ್ದು ಅಂದೆ. ಅಂಗಳದಲ್ಲಿ ಕುರ್ಚಿಯ ಮೇಲೆ ಕುಸಿದು ಕೂತಿದ್ದ ರಹಮತ್ ಸಾಬರು ತಲೆಯೆತ್ತಿ, "ಹೌದು. ಗೀತಮ್ಮ ಹೇಳಿದಂಗೆ ಕೇಳಿ" ಅಂದರು. ಹೆಂಗಸರು ಅಲ್ಲೇ ನಿಂತರು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಬಿಳಿಯ ಬಟ್ಟೆ ಹೊದಿಸಿ ಆಗಿತ್ತು. ಜುಬೇದಾ ಖಾಲಾಗೆ ವಯಸ್ಸಾಗಿದೆ. ಎಷ್ಟೋ ಹೆಂಗಸರ ಮೈ ತೊಳೆದು ಕಳಿಸಿದವರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಚೀಲ ತೆಗ್ದು, ಹತ್ತಿ ಇಟ್ಟು ಮುಚ್ಚಿದೀನಿ. ಇನ್ ಯಾರ್ ಬೇಕಾದ್ರೂ ನೋಡ್ಲಿ ಬುಡಮ್ಮ."

ನಾನು ಬಾಗಿಲಿನಿಂದ ಸರಿದೆ.